ಕ್ಷೌರಕತ್ತಿಯ ಅಲಗು ಮತ್ತು ಮಸೆಯುವ ಕೈ

ಬೇವಿನ ನೆರಳಿನಲ್ಲಿ ಹಡಪ ಬಿಚ್ಚಿ, ಕಲ್ಲಿಗೆ ನೀರು ಚಿಮುಕಿಸಿ ಕ್ಷೌರದ ಕತ್ತಿಯನ್ನು ಮಸೆಯುತ್ತಿದ್ದ ಹಿರಿಯರನ್ನು ಕಂಡವರು ನಮ್ಮ ಓದುಗರಲ್ಲಿ ಅನೇಕರಿರಬಹುದು. ಆ ವಿದ್ಯೆ ತಂದೆಯ ಪಕ್ಕದಲ್ಲಿ ಕುಳಿತು ಮಗನು ಕಲಿತದ್ದು. ಕಸುಬಿನವರಲ್ಲದವರಿಗೂ ಅದನ್ನು ಪುಸ್ತಕದಿಂದ ಕಲಿಸಲು ಹೊರಟವನು ಪ್ಯಾರಿಸ್ಸಿನಲ್ಲಿ ಕತ್ತಿಚಾಕುಗಳನ್ನು ಮಾಡುತ್ತಿದ್ದ ಝಾನ್ ಝಾಕ್ ಪೆರೇ. 1769ರಲ್ಲಿ ಆತನು ಹೊರತಂದ ‘ಪೊಗೊನೊಟೊಮಿ’ ಎಂಬ ಗ್ರಂಥದಲ್ಲಿ ತನ್ನ ಗಡ್ಡವನ್ನು ತಾನೇ ತೆಗೆದುಕೊಳ್ಳುವ ಬಗೆಯೊಡನೆ, ಸಾಣೆಕಲ್ಲುಗಳ ಗುಣವನ್ನು ಅರಿಯುವ ಮತ್ತು ಚರ್ಮದ ಪಟ್ಟಿಯನ್ನು ಹದಗೊಳಿಸುವ ಕ್ರಮವೂ ಇತ್ತು. ಅಲ್ಲಿಯ ಕ್ಷೌರಿಕರು ಈತನ ಬಗ್ಗೆ ಏನೆಂದುಕೊಂಡರೋ!

ಈ ಕತ್ತಿಯ ಬೆನ್ನು ದಪ್ಪ, ಪಕ್ಕಗಳು ಒಳಗೆ ತಗ್ಗು. ಬೆನ್ನನ್ನೂ ಅಲಗನ್ನೂ ಒಟ್ಟಿಗೆ ಕಲ್ಲಿಗೆ ತಾಗಿಸಿ ಮಲಗಿಸಿದರೆ ಕೋನವು ತಾನಾಗಿಯೇ ನಿಲ್ಲುತ್ತದೆ. ಕಲಿಯುವವನು ಅದನ್ನು ಊಹಿಸಬೇಕಾಗಿಲ್ಲ. ಕಲ್ಲಿನ ಮೇಲೆ ಅಲಗು ಮುಂದಾಗಿ ಸಾಗಬೇಕು, ಚರ್ಮದ ಮೇಲೆ ಬೆನ್ನು ಮುಂದಾಗಿ. ಹೊರಳಿಸುವುದು ಬೆನ್ನಿನ ಮೇಲೆಯೇ. ಅಲಗಿನ ಮೇಲೆ ಹೊರಳಿಸಿದರೆ ಅದುವರೆಗಿನ ಶ್ರಮವೆಲ್ಲ ವ್ಯರ್ಥ, ಚರ್ಮವೂ ಕೊಯ್ದುಹೋಗುತ್ತದೆ. ಆದರೆ ನಿಜವಾದ ಕಷ್ಟವಿರುವುದು ಕೈಯ ಭಾರದಲ್ಲಿ. ಬೇಗ ಹರಿತವಾಗಲೆಂದು ಹೊಸಬನು ಒತ್ತುತ್ತಾನೆ. ಒತ್ತಿದರೆ ತೆಳುವಾದ ಅಂಚು ಬಾಗಿ, ತಂತಿಯಂತಹ ಎಳೆಯೊಂದು ಏಳುತ್ತದೆ. ಕೊನೆಕೊನೆಗೆ ಕತ್ತಿಯ ತೂಕವಷ್ಟೇ ಕಲ್ಲಿನ ಮೇಲಿರಬೇಕು. ಇದನ್ನು ಪುಸ್ತಕವು ಹೇಳಬಲ್ಲದು. ಅದು ಬರುವುದು ಮಾತ್ರ ಹಲವು ಅಲಗುಗಳನ್ನು ಕೆಡಿಸಿದ ಮೇಲೆ.

ಉತ್ತಮ ಉಕ್ಕು ದೊರೆತರೂ ಈ ಶ್ರಮ ತಪ್ಪುತ್ತಿರಲಿಲ್ಲ. 18ನೆಯ ಶತಮಾನದ ಕೊನೆಯಲ್ಲಿ ಲಂಡನ್ನಿಗೆ ಹೋದ ಭಾರತದ ಉಕ್ಕು ಅಲ್ಲಿ ‘ವುಟ್ಸ್’ ಎನಿಸಿಕೊಂಡಿತು. ಕನ್ನಡದ ‘ಉಕ್ಕು’ ಶಬ್ದವೇ ಹೀಗೆ ಮಾರ್ಪಟ್ಟಿತೆಂದು ಹಲವು ವಿದ್ವಾಂಸರ ಮತ. ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಮಾಡುತ್ತಿದ್ದ ಜೇಮ್ಸ್ ಸ್ಟೋಡಾರ್ಟ್ ಅದನ್ನು ಬಹುವಾಗಿ ಮೆಚ್ಚಿದನು. 1820ರ ಸುಮಾರಿಗೆ ವಿಜ್ಞಾನಿ ಮೈಕೆಲ್ ಫ್ಯಾರಡೆ ಆತನೊಡನೆ ಸೇರಿ ಉಕ್ಕಿಗೆ ಬೇರೆ ಬೇರೆ ಲೋಹಗಳನ್ನು ಬೆರೆಸಿ ಪರೀಕ್ಷಿಸಿದನು; ಅಂತಹ ಉಕ್ಕಿನ ಕ್ಷೌರಕತ್ತಿಗಳನ್ನು ಮಿತ್ರರಿಗೆ ಕಾಣಿಕೆಯಾಗಿ ಕೊಟ್ಟನು.

ಮಸೆಯುವುದನ್ನೇ ಬೇಡವೆನಿಸಿದವನು ಅಮೆರಿಕೆಯ ಕಿಂಗ್ ಜಿಲೆಟ್. 1903ರಲ್ಲಿ, ಮಾರಾಟದ ಮೊದಲ ವರ್ಷ, ಆತನ ಕಂಪನಿಯಿಂದ ಹೋದದ್ದು 51 ರೇಜರು, 168 ಬ್ಲೇಡು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಚೀಲ ಸೇರಿದ ಮೇಲೆ ಅದನ್ನು ತಡೆಯುವವರಿರಲಿಲ್ಲ. 1980ರ ದಶಕದಿಂದೀಚೆಗೆ, ರಕ್ತದಿಂದ ಹರಡುವ ರೋಗಗಳ ಅರಿವು ಹೆಚ್ಚಿದಂತೆ, ಕ್ಷೌರದಂಗಡಿಯಲ್ಲಿಯೂ ಒಬ್ಬರಿಗೊಂದು ಬ್ಲೇಡು ಎಂಬ ರೂಢಿ ಬಂದಿತು. ಅದು ಆಗಬೇಕಾದುದೇ, ಆಕ್ಷೇಪಿಸುವಂತಿಲ್ಲ. ಹಳೆಯ ಕಲ್ಲು ಉಳಿದಿರುವ ಮನೆಗಳಲ್ಲಿ ಈಗ ಅದರ ಮೇಲೆ ಈಳಿಗೆಯನ್ನೋ ಕುಡುಗೋಲನ್ನೋ ಮಸೆಯುತ್ತಾರೆ.