ರೈಲು ಬಿಟ್ಟ ಡಾಕ್ಟರು

ಕೊರಿಯಾ ಯುದ್ಧಕ್ಕೆ ನೆಹರೂ ಸರ್ಕಾರ ಕಾದಾಡುವ ಸೈನಿಕರನ್ನು ಕಳಿಸಲಿಲ್ಲ. 1950ರ ಕೊನೆಗೆ ಹೋದದ್ದು 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ಅನ್ನೋ ವೈದ್ಯಕೀಯ ತುಕಡಿ. ಮುಖ್ಯಸ್ಥರು ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್.

ಡಿಸೆಂಬರಿನಲ್ಲಿ ಚೀನೀ ಸೈನ್ಯ ನುಗ್ಗಿ ಬರುವಾಗ ಪ್ಯೊಂಗ್‌ಯಾಂಗ್ ಖಾಲಿ ಮಾಡಿ ಅಂತ ಆದೇಶ ಬಂತು. ಸಾಮಾನು ಸಾಗಿಸೋಕೆ ಗಾಡಿಗಳಿಲ್ಲ. ಬಿಟ್ಟು ಓಡಿದ್ರೆ ಜೀವವೇನೋ ಉಳಿಯುತ್ತೆ. ಆದ್ರೆ ಕತ್ತರಿ, ಔಷಧಿ ಇಲ್ಲದೆ ಬರಿಗೈಲಿ ನಿಂತ ಡಾಕ್ಟರು ಗಾಯಾಳುವಿಗೆ ಏನು ಮಾಡಿಯಾರು? ಅಲ್ಲೊಂದು ಹಳೇ ಸ್ಟೀಮ್ ಎಂಜಿನ್ ಸಿಕ್ಕಿತು. ಅದನ್ನು ಓಡಿಸಬಲ್ಲವರು ತುಕಡಿಯಲ್ಲೇ ಇದ್ದರು! ಎಲ್ಲವನ್ನೂ ತುಂಬಿಕೊಂಡು, ಸೇತುವೆ ಸಿಡಿಸುವ ಮುಂಚೆ ನದಿ ದಾಟಿದರು. ನಾನು ರೈಲು ಬಿಡ್ತಿಲ್ಲ, ನಿಜವಾಗಿ ನಡೆದದ್ದು.

1951ರ ಮಾರ್ಚ್ 23ರಂದು ರಂಗರಾಜ್ ತಂಡ ಅಮೆರಿಕದ ಪ್ಯಾರಾಟ್ರೂಪರ್‌ಗಳ ಜೊತೆ ಮುನ್ಸಾನ್ ಬಳಿ ವಿಮಾನದಿಂದ ಜಿಗಿಯಿತು. ಇಳಿದ ಜಾಗದಲ್ಲೇ ಆಪರೇಷನ್ ಶುರು.