ತೈವಾನ್: ಜಿಲ್ಲಾ ಸಭಾಂಗಣದಿಂದ ಪ್ಯಾರಿಸ್‌ವರೆಗೆ

ತೈವಾನಿನ ಸಾಂಸ್ಕೃತಿಕ ಕೇಂದ್ರಗಳು ಅಲ್ಲಿನ ರಾಜಕೀಯ ಹೊರಳಿದ ಕಡೆಗೆಲ್ಲ ಹೊರಳಿವೆ. ಜಪಾನೀಯರ ಆಳ್ವಿಕೆಯಲ್ಲಿ, 1921ರಲ್ಲಿ, ವೈದ್ಯ ಚಿಯಾಂಗ್ ವೇ-ಶುಯಿ ಮತ್ತು ಸಂಗಡಿಗರು ತೈವಾನ್ ಸಾಂಸ್ಕೃತಿಕ ಸಂಘ ಕಟ್ಟಿದರು. ಪತ್ರಿಕೆ ಓದುವ ಕೋಣೆಗಳು, ಭಾಷಣಗಳು. ಅದರ ಬಂಡವಾಳ ಅಷ್ಟೇ. ಭವ್ಯ ಕಟ್ಟಡ ಎಬ್ಬಿಸಿದ್ದು ಸರ್ಕಾರ. 1936ರ ತೈಪೆ ಸಾರ್ವಜನಿಕ ಸಭಾಭವನದಲ್ಲೇ 1945ರಲ್ಲಿ ಜಪಾನಿನ ಶರಣಾಗತಿ ಸಮಾರಂಭವೂ ನಡೆಯಿತು.

ಈಗಿನ ಕೇಂದ್ರಗಳ ಜಾಲಕ್ಕೆ ಬುನಾದಿ ಬಿದ್ದದ್ದು 1977ರಲ್ಲಿ. ಪ್ರಧಾನಿ ಚಿಯಾಂಗ್ ಚಿಂಗ್-ಕುವೊ ಪ್ರಕಟಿಸಿದ ಹನ್ನೆರಡು ನಿರ್ಮಾಣ ಯೋಜನೆಗಳಲ್ಲಿ ರೈಲು, ಹೆದ್ದಾರಿಗಳ ಜೊತೆ ಜಿಲ್ಲೆಗೊಂದು ಸಾಂಸ್ಕೃತಿಕ ಕೇಂದ್ರವೂ ಸೇರಿತ್ತು. ಮೇಲುಸ್ತುವಾರಿಯ ಸಂಸ್ಕೃತಿ ಮಂಡಳಿ ಬಂದದ್ದು 1981ರಲ್ಲಿ. ಅದು ಸಚಿವಾಲಯವಾಗಲು 2012 ಆಯಿತು. 1977ರಲ್ಲಂತೂ ಸೇನಾಡಳಿತದ ಕಾನೂನು ಇನ್ನೂ ಜಾರಿಯಲ್ಲಿತ್ತು. ಗ್ರಂಥಾಲಯ, ಪ್ರದರ್ಶನ ಕೊಠಡಿ, ಸಂಗೀತ ಸಭಾಂಗಣ ಎಲ್ಲ ಕಡೆಯೂ ಎದ್ದವು. ಆದರೆ ಒಳಗೆ ಏನು ನಡೆಯಬೇಕು, ಯಾರ ಸಂಸ್ಕೃತಿ ಇರಬೇಕು ಎಂಬುದು ಆಗಿನ್ನೂ ಇತ್ಯರ್ಥವಾಗಿರಲಿಲ್ಲ.

ಉತ್ತರ ಸಿಕ್ಕಿದ್ದು ಜಿಲ್ಲೆಗಳಲ್ಲಿ. ನಾನ್‌ತೌ ಬಿದಿರಿನ ಕಲೆಯನ್ನು ಆರಿಸಿಕೊಂಡಿತು, ಮಿಯಾವೊಲಿ ಮರದ ಕೆತ್ತನೆಯನ್ನು. ಯೀಲಾನ್ ಗೆಝೈಶಿಯ ತವರು. ಹಾಡು, ಮಾತು, ವೇಷ ಎಲ್ಲ ಬೆರೆತ ಈ ಜನಪದ ರಂಗಪ್ರಕಾರದ ಜೀವ ತೈವಾನೀ ಆಡುಮಾತು. ಅದೇ ಮಾತನ್ನು ಶಾಲೆಯಲ್ಲಿ ಆಡಿದ ಮಕ್ಕಳಿಗೆ ಹಿಂದೆ ದಂಡ ಹಾಕುತ್ತಿದ್ದರು. 1987ರಲ್ಲಿ ಸೇನಾಡಳಿತದ ಕಾನೂನು ಹೋಯಿತು. 1990ರಲ್ಲಿ ಯೀಲಾನ್‌ನ ಸರ್ಕಾರಿ ಕೇಂದ್ರದಲ್ಲೇ ರಂಗಭೂಮಿ ವಸ್ತುಸಂಗ್ರಹಾಲಯ ತೆರೆಯಿತು. ಯಾವ ಭವ್ಯ ಉದ್ಘಾಟನೆಗಿಂತಲೂ ಇದು ದೊಡ್ಡ ತಿರುವು ಎಂದೇ ನನ್ನ ಎಣಿಕೆ.

ಮುಂದೆ ಹಳೆಯ ಕಾರ್ಖಾನೆಗಳ ಸರದಿ. ತೈಪೆಯ ಹುವಾಶಾನ್ ಮದ್ಯದ ಕಾರ್ಖಾನೆಗೆ ಕಲಾವಿದರು 1997ರಲ್ಲಿ ನುಗ್ಗಿ ನಾಟಕವಾಡಿದರು. ಕೊನೆಗೆ ಸರ್ಕಾರವೇ ಅದನ್ನು ಕಲೆಗೆ ಬಿಟ್ಟುಕೊಟ್ಟಿತು. 2018ರಲ್ಲಿ ಕಾವ್‌ಶಿಯುಂಗ್‌ನ ಹಳೆಯ ಸೇನಾ ನೆಲೆಯಲ್ಲಿ ವೇವೂಯಿಂಗ್ ಕಲಾಕೇಂದ್ರ ತೆರೆಯಿತು. ಡಚ್ ಸಂಸ್ಥೆ ಮೆಕಾನೂ ಆಲದ ಮರಗಳ ನೆರಳನ್ನು ಮಾದರಿಯಾಗಿಟ್ಟುಕೊಂಡು ಅದನ್ನು ವಿನ್ಯಾಸ ಮಾಡಿತು. ಅಲೆಯಂಥ ಒಂದೇ ಚಾವಣಿ, ಅದರಡಿ ಯಾರು ಬೇಕಾದರೂ ಬರಬಹುದಾದ ಬಯಲು. ಟಿಕೆಟ್ ಕೊಳ್ಳದವರಿಗೂ ಜಾಗವಿದೆ.

ಹೊರದೇಶಗಳ ಕಥೆಯೇ ಬೇರೆ. 1971ರಲ್ಲಿ ವಿಶ್ವಸಂಸ್ಥೆಯ ಪೀಠ ಕೈತಪ್ಪಿದ ಮೇಲೆ ತೈವಾನಿಗೆ ಬಹುತೇಕ ದೇಶಗಳಲ್ಲಿ ರಾಯಭಾರ ಕಚೇರಿಯೇ ಇಲ್ಲ. ಹಾಗಾಗಿ ಪ್ಯಾರಿಸ್ಸಿನಲ್ಲಿ 1994ರಿಂದ, ಟೋಕಿಯೋದಲ್ಲಿ 2015ರಿಂದ ಇರುವ ಕೇಂದ್ರಗಳು ಹೊತ್ತ ಹೊಣೆ ಸಣ್ಣದಲ್ಲ. ಪ್ಯಾರಿಸ್ ಕೇಂದ್ರ 2007ರಿಂದ ಫ್ರಾನ್ಸಿನ ಆವಿನ್ಯೋಂ ರಂಗೋತ್ಸವದ 'ಆಫ್' ಎಂಬ ಸ್ವತಂತ್ರ ವಿಭಾಗಕ್ಕೆ ತಂಡಗಳನ್ನು ಕಳಿಸಲು ಬೆಂಬಲ ಕೊಡುತ್ತಿದೆ. ಭಾಷಣಕ್ಕಿಂತ ಕುಣಿತ ಬೇಗ ತಲುಪುತ್ತದೆ ಎಂಬುದು ಅವರಿಗೆ ಗೊತ್ತು.

ಭಾರತದಲ್ಲಿ ಇರುವುದು ತೈಪೆ ಆರ್ಥಿಕ ಮತ್ತು ಸಾಂಸ್ಕೃತಿಕ ಕೇಂದ್ರ: ದೆಹಲಿಯಲ್ಲಿ 1995ರಿಂದ, ಚೆನ್ನೈಯಲ್ಲಿ 2012ರಿಂದ. ವೀಸಾ, ವ್ಯಾಪಾರ, ವಿದ್ಯಾರ್ಥಿವೇತನ ಎಲ್ಲ ಅಲ್ಲೇ. ಕರ್ನಾಟಕ ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತದೆ. ದೇವನಹಳ್ಳಿಗೆ ತೈವಾನಿನ ಎಲೆಕ್ಟ್ರಾನಿಕ್ಸ್ ಕಂಪನಿ ಫಾಕ್ಸ್‌ಕಾನ್ ಬಂದಾಗಿದೆ. ಇನ್ನು ಅಲ್ಲಿನ ಕಲೆಯೂ ಬರಲಿ. ಗೆಝೈಶಿ ತಂಡವೊಂದನ್ನು ಇತ್ತ ಕರೆಸುವ ಕೆಲಸವನ್ನು ನಮ್ಮ ಅಕಾಡೆಮಿಗಳು ಕೈಗೆತ್ತಿಕೊಳ್ಳಲಿ.