ಶಹಾಬಾದದ ಕಲ್ಲೂ ಕಲ್ಯಾಣದ ವರ್ಣವಿಚಾರವೂ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ನೆಲದಲ್ಲಿ ಪದರುಪದರಾಗಿ ದೊರೆಯುವ ಸುಣ್ಣಕಲ್ಲನ್ನು ಜನರು ಶಹಾಬಾದಿ ಪರಸಿ ಎನ್ನುತ್ತಾರೆ. ಇದರ ಬಣ್ಣ ಯಾವುದು? ಒಣಗಿದ ಹಾಸು ನಸುಬೂದಿ. ಒಂದು ತಂಬಿಗೆ ನೀರು ಚೆಲ್ಲಿದರೆ ಕಪ್ಪುನೀಲಿ. ಕಲ್ಲಿನ ದ್ರವ್ಯವು ಮಾರ್ಪಡಲಿಲ್ಲ. ಮೇಲ್ಮೈಯಿಂದ ಚದರಿ ಕಣ್ಣಿಗೆ ಬರುತ್ತಿದ್ದ ಬೆಳಕು ನೀರಿನ ಪೊರೆಯಿಂದ ತಗ್ಗಿತು, ಅಷ್ಟೆ. ಚಿಂಚೋಳಿಯ ಕೆಂಪು ಜಂಬಿಟ್ಟಿಗೆಯ ತುಂಡನ್ನು ಪಕ್ಕದಲ್ಲಿಟ್ಟರೆ ಅದೇ ಬೂದಿಯಲ್ಲಿ ಹಸುರಿನ ಛಾಯೆ ಸುಳಿಯುತ್ತದೆ. ನೆರೆಯ ಬಣ್ಣವು ಕಣ್ಣಿನ ತೀರ್ಪನ್ನು ಹೀಗೆ ತಿದ್ದುವುದನ್ನು ಫ್ರಾನ್ಸಿನ ಶೆವ್ರಲ್ 1839ರಲ್ಲಿ ಗ್ರಂಥರೂಪವಾಗಿ ನಿರೂಪಿಸಿದನು.

ಈ ಸಂಗತಿಯನ್ನು ಮುಂದಿಟ್ಟುಕೊಂಡು ನಾವು ಚಿಂಚೋಳಿಗೆ ವಾಯವ್ಯದಲ್ಲಿರುವ ಕಲ್ಯಾಣದ ಒಂದು ಗ್ರಂಥವನ್ನು ಓದಬಯಸುತ್ತೇವೆ. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಸುಮಾರು 1129ರ ಸಂಸ್ಕೃತ ಕೃತಿ. ಅದರ ಚಿತ್ರಪ್ರಕರಣವು ಮೊದಲು ಗೋಡೆಯನ್ನು ಹದಗೊಳಿಸುತ್ತದೆ: ಎಮ್ಮೆಯ ತೊಗಲನ್ನು ಬೆಣ್ಣೆಯಂತಾಗುವವರೆಗೆ ಕುದಿಸಿ ಮಾಡಿದ ವಜ್ರಲೇಪ, ಬಿಳಿಯ ಮಣ್ಣು, ಶಂಖಚೂರ್ಣ. ಇದು ಕೇವಲ ಅಂಟಿನ ಏರ್ಪಾಡೆಂದು ತಿಳಿದರೆ ಸಾಲದು. ತೆಳುವಾದ ಬಣ್ಣವನ್ನು ದಾಟಿದ ಬೆಳಕನ್ನು ಹಿಂದಿರುಗಿಸುವುದು ಈ ಬಿಳುಪೇ. ಬರಿಯ ಪರಸಿಯ ಮೇಲೆ ಹಚ್ಚಿದ ಹರಿತಾಳ ಮಂಕಾಗದೆ ಇರದು.

ಅನಂತರ ಬಣ್ಣಗಳು. ಬಿಳುಪಿಗೆ ಶಂಖ, ಕೆಂಪಿಗೆ ಇಂಗಳೀಕ, ಅರಗು, ಕಾವಿಕಲ್ಲು, ಹಳದಿಗೆ ಹರಿತಾಳ, ಕಪ್ಪಿಗೆ ಕಾಡಿಗೆ. ನೀಲಿಯೂ ಹರಿತಾಳವೂ ಕೂಡಿ ಹಸುರು. ಇಷ್ಟು ದ್ರವ್ಯಗಳ ಮಾತು. ಆದರೆ ಕಾಡಿಗೆಯನ್ನು ಶಂಖದೊಡನೆ ಬೆರಸಿದಾಗ ಬರುವುದನ್ನು ಗ್ರಂಥವು ಹೊಗೆಯ ಬಣ್ಣವೆನ್ನುತ್ತದೆ. ಇಲ್ಲಿ ತುಸು ನಿಲ್ಲಬೇಕು. ಆ ಮಿಶ್ರಣವು ಬರಿಯ ಬೂದಿಯಲ್ಲ, ನೀಲಿಯ ಸುಳಿವುಳ್ಳ ಬೂದಿ. ಚಿತ್ರ ಬರೆದು ಕೈ ಪಳಗಿದವರು ಇದನ್ನು ಬಲ್ಲರು. ಒಲೆಯ ಹೊಗೆಯೂ ಹಾಗೆಯೇ: ಕಪ್ಪು ಗುಡ್ಡದ ಮುಂದೆ ನೀಲಿ, ಬೆಳಗುವ ಆಕಾಶದ ಮುಂದೆ ಕಂದು. ಹಿನ್ನೆಲೆಯೊಡನೆ ಬದಲಾಗುವ ವಸ್ತುವನ್ನೇ ಬಣ್ಣದ ಹೆಸರಿಗೆ ಆರಿಸಿಕೊಂಡವರ ಕಣ್ಣು ಸಾಮಾನ್ಯವಾದುದಲ್ಲ. ‘ಧೂಮ’ವೆಂದರೆ ಬೂದಿಬಣ್ಣವೆಂದು ಅನುವಾದಿಸಿ ಮುಂದೆ ಸಾಗುವ ರೂಢಿಯನ್ನು (ಪಾಠ ಹೇಳುವಾಗ ನಾವೂ ಹಾಗೆಯೇ ಮಾಡಿದ್ದುಂಟು) ಇನ್ನು ಒಪ್ಪಲಾರೆವು. ಒಣಗಿದ ಪರಸಿಗೂ ನೆನೆದ ಪರಸಿಗೂ ನಡುವೆ ಎಷ್ಟು ಅಂತರವಿದೆಯೋ ಆ ಒಂದು ಪದದೊಳಗೂ ಅಷ್ಟು ಅಂತರವಿದೆ.

ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಘಟಿಕಾಸ್ಥಾನವಿದ್ದುದನ್ನೂ, ಅಲ್ಲಿ ಸರಸ್ವತೀ ಭಂಡಾರವನ್ನು ನೋಡಿಕೊಳ್ಳುವವರಿದ್ದುದನ್ನೂ 1058ರ ಶಾಸನವು ತಿಳಿಸುತ್ತದೆ. ಅಲ್ಲಿಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಅಧ್ಯಾಪಕರು ಮಳೆಗೆ ಮುಂಚೆ ಒಮ್ಮೆ, ಮಳೆ ನಿಂತ ಕೂಡಲೆ ಇನ್ನೊಮ್ಮೆ ನೆಲದ ಹಾಸುಗಲ್ಲನ್ನು ತೋರಿಸಿ, ಆಮೇಲೆ ಗ್ರಂಥವನ್ನು ಬಿಚ್ಚಲಿ.